ಲೋಳೆಮೀನಿನ ಲೆಕ್ಕವೂ ಶಾಮಲಮ್ಮನವರ ನಾಲ್ಕನೆಯ ಪುಸ್ತಕವೂ

ಜೀವಿಗಳ ಸಂಖ್ಯೆಯ ಏರಿಳಿತವನ್ನು ಗಣಿತದ ಸಮೀಕರಣಗಳಲ್ಲಿ ಹಿಡಿದಿಡುವ ವಿದ್ಯೆ ನಮ್ಮ ನಾಡಿನಲ್ಲಿ ಇನ್ನೂ ಎಳೆಯದು. ಅದರಲ್ಲಿಯೂ ಕಡಲ ಜೀವಿಗಳನ್ನು ಕುರಿತು ಹಾಗೆ ದುಡಿದವರು ಬೆರಳೆಣಿಕೆಯಷ್ಟು ಮಂದಿ. ಅವರ ನಡುವೆ, ಕಡಲ ಗಾಳಿಯೇ ಸುಳಿಯದ ಕೋಲಾರದಲ್ಲಿ ಕುಳಿತು, ಐವತ್ತು ತುಂಬುವವರೆಗೆ ಕಡಲನ್ನು ಕಣ್ಣಿನಿಂದ ಕಾಣದೆ, ಲೋಳೆಮೀನುಗಳು ಯಾವ ವರ್ಷ ತೀರವನ್ನು ಮುತ್ತುತ್ತವೆ, ಯಾವ ವರ್ಷ ಹೆಸರಿಗೂ ಕಾಣಿಸುವುದಿಲ್ಲ ಎಂಬುದನ್ನು ಲೆಕ್ಕ ಹಾಕಿ ಹೇಳಹೊರಟವರು ಪ್ರೊಫೆಸರ್ ಕೋದಂಡರಾಮಪ್ಪನವರೊಬ್ಬರೇ. ಮೂವತ್ತು ವರ್ಷ ನಮ್ಮ ಕಾಲೇಜಿನಲ್ಲಿ ಗಣಿತ ಕಲಿಸಿ, ಈ ಸಾವಿರದ ಒಂಬೈನೂರ ಎಂಬತ್ತೆಂಟರ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಗೌರವಿಸುವ ಈ ಗ್ರಂಥದಲ್ಲಿ ಅವರ ಸಮೀಕರಣಗಳ ಕುರಿತು ಬಲ್ಲವರು ಬರೆದಿದ್ದಾರೆ. ಆ ಸಮೀಕರಣಗಳ ಪಕ್ಕದಲ್ಲಿಯೇ ಹದಿನೈದು ವರ್ಷ ನಿಂತು ಹೊಟ್ಟೆಯುರಿದುಕೊಂಡವರೊಬ್ಬರ ಕಥೆಯೂ ಇಲ್ಲಿರಬೇಕೆಂದು ಆ ಹೊಟ್ಟೆಯುರಿದುಕೊಂಡವರೇ ಕೇಳಿಕೊಂಡದ್ದರಿಂದ ಈ ಲೇಖನ ಹುಟ್ಟಿತು.

ಅವರು ಪ್ರಾಣಿಶಾಸ್ತ್ರದ ಶಾಮಲಮ್ಮನವರು. ಗ್ರಂಥದ ಸಮಿತಿಯವರು ಮೊದಲು ಲೇಖನ ಕೇಳಿದ್ದು ಅವರನ್ನೇ. ತಾವು ಹೊಗಳಿ ಬರೆದರೆ ಅರ್ಧ ಸುಳ್ಳಾಗುತ್ತದೆಂದೂ, ನಿಜ ಬರೆಯಲು ತಮ್ಮ ಕೈ ಏಳುವುದಿಲ್ಲವೆಂದೂ ಹೇಳಿ, ತಮ್ಮ ಹಳೆಯ ಶಿಷ್ಯರೊಬ್ಬರನ್ನು ಮೂರು ಭಾನುವಾರ ಮನೆಗೆ ಕರೆಸಿಕೊಂಡು ಎಲ್ಲವನ್ನೂ ಹೇಳಿ ಬರೆಸಿದರು. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಕೋದಂಡರಾಮಪ್ಪನವರಿಗೆ ಓದಲು ಕೊಟ್ಟಾಗ ಅವರು ಕನ್ನಡಕ ತೆಗೆದಿಟ್ಟು ಹೇಳಿದ್ದು ಇಷ್ಟೇ: "ಅವರು ಹೇಳಿದ್ದು ಹೇಳಿದ ಹಾಗೇ ಬರ್ಲಿ. ಆದ್ರೆ ನಂದೂ ಒಂದು ತಪ್ಪಿದೆ ಇದರಲ್ಲಿ. ಅದನ್ನ ಬಿಡಬೇಡಿ."

ಶಾಮಲಮ್ಮನವರು ಮುಳಬಾಗಿಲಿನವರು, ಶಾಲೆಯ ಮೇಷ್ಟ್ರು ರಾಮಚಂದ್ರಪ್ಪನವರ ಒಬ್ಬಳೇ ಮಗಳು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಆ ಕಾಲಕ್ಕೆ ಊರವರ ಮಾತಿಗೆ ಕಿವಿಗೊಡದೆ, ತಮಿಳುನಾಡಿನ ಕರಾವಳಿಯ ಒಂದು ಜೀವಶಾಸ್ತ್ರ ಕೇಂದ್ರದಲ್ಲಿ ಸಂಶೋಧನೆಗೆ ಸೇರಿದರು. ನಾಲ್ಕು ವರ್ಷ ಅಳಿವೆಯ ನೀರಿನಲ್ಲಿ ಎದೆಮಟ್ಟ ನಿಂತು, ಕದಿರೇಶನೆಂಬ ಬೆಸ್ತನ ದೋಣಿಯಲ್ಲಿ ಕುಳಿತು, ಲೋಳೆಮೀನುಗಳನ್ನು ಎಣಿಸಿದರು. ಇಂಗ್ಲಿಷಿನಲ್ಲಿ ಜೆಲ್ಲಿಫಿಶ್ ಎನ್ನುವ ಆ ಪ್ರಾಣಿಯನ್ನು ಅಲ್ಲಿಯ ಬೆಸ್ತರು ಸೊರಿ ಎನ್ನುತ್ತಾರೆ. ಮೈಗೆ ತಗುಲಿದರೆ ಬೆಂಕಿಯಿಟ್ಟ ಹಾಗೆ ಉರಿದು ಬೊಬ್ಬೆ ಏಳುತ್ತದೆ. ಶಾಮಲಮ್ಮನವರ ಎರಡೂ ಮುಂಗೈಗಳ ಮೇಲೆ ಆ ಗುರುತುಗಳು ಈಗಲೂ ಇವೆ. ಪ್ರಬಂಧ ಬರೆಯಲು ಕೂರುವ ಹೊತ್ತಿಗೆ ತಂದೆ ತೀರಿಕೊಂಡರು, ಮಾರ್ಗದರ್ಶಕರಿಗೆ ಬೇರೆಡೆಗೆ ವರ್ಗವಾಯಿತು. ತಾಯಿ ಭಾರತಮ್ಮನವರೊಬ್ಬರೇ ಉಳಿದ ಮನೆಗೆ ಅವರು ನಾಲ್ಕು ದಪ್ಪ ನೋಟುಪುಸ್ತಕಗಳೊಂದಿಗೆ ಮರಳಿದರು. ಎಪ್ಪತ್ತೊಂದರಲ್ಲಿ ಕೋಲಾರದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಕಪ್ಪೆ ಕೊಯ್ಯುವುದನ್ನು, ಜಿರಳೆಯ ಬಾಯಿಯ ಭಾಗಗಳನ್ನು ವರ್ಷ ವರ್ಷವೂ ಕಲಿಸುತ್ತ, ಒಂದು ದಿನ ಪ್ರಬಂಧ ಬರೆದೇ ಬರೆಯುತ್ತೇನೆಂದು ಅಂದುಕೊಳ್ಳುತ್ತ ಉಳಿದರು.

ಕೋದಂಡರಾಮಪ್ಪನವರಾದರೋ ಶ್ರೀನಿವಾಸಪುರದ ಬಳಿಯ ಮಾವಿನ ತೋಟದ ಮನೆತನದವರು. ದಿನವೂ ಸಣ್ಣ ರೈಲಿನಲ್ಲಿ ಕೋಲಾರಕ್ಕೆ ಬಂದು ಹೋಗುತ್ತಿದ್ದರು. ಆ ರೈಲು ಎಷ್ಟು ನಿಧಾನವಾಗಿ ಹೋಗುತ್ತಿತ್ತೆಂದರೆ ಅದರ ಕಿಟಕಿಯ ಬಳಿ ಕುಳಿತು ಬರೆದರೂ ಅಕ್ಷರ ಕೆಡುತ್ತಿರಲಿಲ್ಲವೆಂದು ಅವರೇ ಹೇಳುವುದುಂಟು. ಅವರ ಜೇಬಿನಲ್ಲಿ ಸದಾ ಮಡಿಸಿದ ಹಾಳೆಗಳಿರುತ್ತಿದ್ದವು. ಮಾವಿನ ಮರ ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಕೈಕೊಡುವುದನ್ನು ಚಿಕ್ಕಂದಿನಿಂದ ಕಂಡವರು ಅವರು. ಊರಿನ ಮಾವಿನ ಮಂಡಿಗೆ ಇಪ್ಪತ್ತು ವರ್ಷಗಳಲ್ಲಿ ಬಂದ ಗಾಡಿಗಳ ಸಂಖ್ಯೆಯನ್ನು ಯಾರಿಂದಲೋ ಸಂಪಾದಿಸಿ, ಈ ವರ್ಷದ ಫಸಲಿನಿಂದ ಮುಂದಿನ ವರ್ಷದ ಫಸಲನ್ನು ಹೇಳುವ ಸಮೀಕರಣವೊಂದನ್ನು ಕಟ್ಟುತ್ತಿದ್ದರು. ಎಪ್ಪತ್ತಮೂರರ ಒಂದು ಮಧ್ಯಾಹ್ನ ಅಧ್ಯಾಪಕರ ಕೊಠಡಿಯಲ್ಲಿ, ಮರದಂತೆ ನೆಟ್ಟಲ್ಲೇ ನಿಲ್ಲದೆ ಹುಟ್ಟಿ ಸಾಯುವ ಯಾವುದಾದರೂ ಜೀವಿ ಹೀಗೆ ಏರಿ ಇಳಿಯುವುದನ್ನು ಯಾರಾದರೂ ವರ್ಷಗಟ್ಟಲೆ ಎಣಿಸಿದ್ದಾರೆಯೇ ಎಂದು ಸುಮ್ಮನೆ ಕೇಳಿದರು. ಯಾರೂ ತಲೆಯೆತ್ತಲಿಲ್ಲ.

ಶಾಮಲಮ್ಮನವರು ಚಹಾದ ಲೋಟ ಕೆಳಗಿಟ್ಟು, "ನನ್ನ ಹತ್ರ ಇದೆ ಸಾರ್. ಸಮುದ್ರದ್ದು. ನಿಮಗೆ ಆಗುತ್ತಾ?" ಎಂದರು.

"ಸಮುದ್ರ ನಾನು ನೋಡಿಲ್ಲಮ್ಮ. ಅಂಕಿ ನೋಡಿದೀನಿ. ಕೊಡಿ."

ಆಕೆ ಕೊಟ್ಟದ್ದು ಮೂರು ಪುಸ್ತಕ. ಮೊದಲನೆಯದರಲ್ಲಿ ಆ ತೀರದ ಹಳೆಯ ದಾಖಲೆಗಳಿಂದ ನಕಲು ಮಾಡಿಕೊಂಡ ಇಪ್ಪತ್ತಾರು ವರ್ಷಗಳ ಲೋಳೆಮೀನಿನ ವಿವರವಿತ್ತು. ಎರಡನೆಯ, ಮೂರನೆಯ ಪುಸ್ತಕಗಳಲ್ಲಿ ಆಕೆಯೇ ವಾರವಾರವೂ ಮಾಡಿದ ಎಣಿಕೆ. ನಾಲ್ಕನೆಯದನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ಅದು ತಮ್ಮ ಪ್ರಬಂಧದ ಜೀವಾಳ. ಮಿಕ್ಕವನ್ನು ಕೊಡುವಾಗ ಆಕೆಗೆ ಯಾವ ಅಳುಕೂ ಇರಲಿಲ್ಲ, ಏಕೆಂದರೆ ಕಡಲನ್ನೇ ಕಾಣದ ಗಣಿತದ ಮೇಷ್ಟ್ರು ಈ ಅಂಕಿಗಳಿಂದ ಏನನ್ನಾದರೂ ಮಾಡಿಯಾರೆಂದು ಆಕೆ ಕನಸಿನಲ್ಲಿಯೂ ಎಣಿಸಿರಲಿಲ್ಲ.

ಅವರು ಮಾಡಿದರು. ರೇಷ್ಮೆ ಕಚೇರಿಯಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವೊಂದಿತ್ತು. ಅಲ್ಲಿಯ ಅಧಿಕಾರಿಯನ್ನು ಒಪ್ಪಿಸಿ, ಶನಿವಾರದ ಮಧ್ಯಾಹ್ನಗಳಲ್ಲಿ ಅದರ ಹಿಡಿಯನ್ನು ತಿರುಗಿಸುತ್ತ ಎರಡು ವರ್ಷ ಕಳೆದರು. ಎಪ್ಪತ್ತೈದರಲ್ಲಿ ಹನ್ನೊಂದು ಪುಟದ ಒಂದು ಪ್ರಬಂಧ ಸಿದ್ಧವಾಯಿತು. ಇಪ್ಪತ್ತಾರು ವರ್ಷಗಳಲ್ಲಿ ಹತ್ತೊಂಬತ್ತನ್ನು ಆ ಸಮೀಕರಣ ಸರಿಯಾಗಿ ಹೇಳುತ್ತಿತ್ತು. ಬೆರಳಚ್ಚು ಮಾಡಿಸಿದ ಪ್ರತಿಯನ್ನು ಅವರು ಶಾಮಲಮ್ಮನವರ ಮುಂದಿಟ್ಟಾಗ ಮೊದಲ ಪುಟದಲ್ಲಿ ಇಬ್ಬರ ಹೆಸರೂ ಇತ್ತು. ಆಕೆ ಪೆನ್ನು ತೆಗೆದು ತಮ್ಮ ಹೆಸರನ್ನು ಹೊಡೆದುಹಾಕಿ, ತಮಗೆ ಗಣಿತ ಗೊತ್ತಿಲ್ಲವೆಂದೂ, ತಿಳಿಯದ ವಿಷಯಕ್ಕೆ ಹೆಸರು ಹಾಕಿಕೊಳ್ಳುವುದು ಸರಿಯಲ್ಲವೆಂದೂ ಹೇಳಿದರು. ಹೇಳುವಾಗ, ಅವರು ಬೇಡ ಬೇಡ ಎಂದು ಇನ್ನೊಂದು ಸಲ ಒತ್ತಾಯ ಮಾಡುತ್ತಾರೆ, ಆಗ ಒಪ್ಪಿಕೊಂಡರಾಯಿತು ಎಂದು ಕಾದರು. ಕೋದಂಡರಾಮಪ್ಪನವರು "ಸರಿಯಮ್ಮ, ನಿಮ್ಮಿಷ್ಟ" ಎಂದು ಹಾಳೆಗಳನ್ನು ಮಡಿಸಿಕೊಂಡರು. ಅಚ್ಚಾಗಿ ಬಂದಾಗ ಕೊನೆಯ ಪುಟದ ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಕುಮಾರಿ ಶಾಮಲಮ್ಮನವರಿಗೆ ಕೃತಜ್ಞತೆಗಳು ಎಂದಿತ್ತು.

ಅಲ್ಲಿಂದ ಶುರುವಾಯಿತು. ಪರದೇಶದ ಅಂಚೆಚೀಟಿಯಿದ್ದ ಕಾಗದಗಳು ಕಾಲೇಜಿಗೆ ಬರತೊಡಗಿದವು, ಪ್ರಾಂಶುಪಾಲರು ಅವನ್ನು ಸೂಚನಾ ಫಲಕದ ಗಾಜಿನೊಳಗೆ ಹಾಕಿಸಿದರು. ಆ ಫಲಕದ ಮುಂದೆ ಹಾದು ಹೋಗುವಾಗಲೆಲ್ಲ ಶಾಮಲಮ್ಮನವರು ತಲೆ ತಗ್ಗಿಸಿ ನಡೆಯುತ್ತಿದ್ದರು. ಆದರೂ ಎಷ್ಟು ಕಾಗದಗಳಾದವೆಂಬುದು ಅವರಿಗೆ ಗೊತ್ತಿತ್ತು. ಹನ್ನೊಂದು. ವಿದ್ಯಾರ್ಥಿಗಳು ಕೋದಂಡರಾಮಪ್ಪನವರನ್ನು ಲೋಳೆಮೀನಿನ ಮೇಷ್ಟ್ರು ಎಂದು ಕರೆಯತೊಡಗಿದರು. ನೀರಿನಲ್ಲಿ ನಿಂತದ್ದು ತಾನು, ಮೈ ಸುಟ್ಟುಕೊಂಡದ್ದು ತಾನು, ಆ ಪ್ರಾಣಿಯ ಹೆಸರು ಅಂಟಿಕೊಂಡದ್ದು ಅವರಿಗೆ ಎಂದು ಆಕೆಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ಬೇಸಿಗೆ ರಜೆಯೆಲ್ಲ ಬಿ.ಎಸ್ಸಿ. ಗಣಿತದ ಪುಸ್ತಕಗಳನ್ನು ತರಿಸಿಕೊಂಡು, ಆ ಪ್ರಬಂಧವನ್ನು ಸಾಲುಸಾಲಾಗಿ ಅರ್ಥ ಮಾಡಿಕೊಂಡರು. ಕಲಿಯುವ ಆಸೆಯಿಂದಲ್ಲ, ಎಲ್ಲಿಯಾದರೂ ಒಂದು ತಪ್ಪು ಸಿಕ್ಕೀತೆಂದು. ಸಿಕ್ಕಿದ್ದು ಪ್ರಾಣಿಯ ಲ್ಯಾಟಿನ್ ಹೆಸರಿನಲ್ಲಿ ಒಂದು ಅಕ್ಷರದೋಷ. ಅದನ್ನೇ ಎಲ್ಲರೆದುರು ಎತ್ತಿ ಹೇಳಿದರು. ಕೋದಂಡರಾಮಪ್ಪನವರು ಮರುದಿನವೇ ಪತ್ರಿಕೆಗೆ ತಿದ್ದುಪಡಿ ಕಳಿಸಿ, ದೋಷವನ್ನು ತೋರಿಸಿದವರು ಶಾಮಲಮ್ಮನವರೆಂದು ಅದರಲ್ಲಿ ಬರೆದರು. ಅಂತೂ ಆಕೆಯ ಹೆಸರು ಅಚ್ಚಾಯಿತು, ಒಂದು ಅಕ್ಷರ ತಿದ್ದಿದ್ದಕ್ಕಾಗಿ.

ಅವರ ಒಳ್ಳೆಯತನ ಆಕೆಗೆ ಇನ್ನೂ ಕಷ್ಟವಾಗುತ್ತಿತ್ತು. ಎಪ್ಪತ್ತೇಳರಲ್ಲಿ ಭಾರತಮ್ಮನವರಿಗೆ ಪಾರ್ಶ್ವವಾಯು ಬಡಿದು ಶಾಮಲಮ್ಮನವರು ದಿನವೂ ಮಧ್ಯಾಹ್ನದ ಬಸ್ಸಿಗೆ ಮುಳಬಾಗಿಲಿಗೆ ಓಡಬೇಕಾಯಿತು. ಯಾರೂ ಕೇಳದೆಯೇ ಕೋದಂಡರಾಮಪ್ಪನವರು ವೇಳಾಪಟ್ಟಿ ಬರೆಯುವವರ ಬಳಿ ಕುಳಿತು ತಮ್ಮ ಬೆಳಗಿನ ಪಾಠದ ವೇಳೆಗಳನ್ನೆಲ್ಲ ಆಕೆಗೆ ಬಿಟ್ಟುಕೊಟ್ಟು, ಆಕೆಯ ಮಧ್ಯಾಹ್ನಗಳನ್ನು ತಾವು ತೆಗೆದುಕೊಂಡರು. ಪರೀಕ್ಷೆಯ ತಿಂಗಳಿಡೀ ಆಕೆಯ ಬದಲು ಕೊಠಡಿ ಕಾದರು. ಒಂದು ಬುಟ್ಟಿ ಬಾದಾಮಿ ಮಾವು ಮುಳಬಾಗಿಲಿನ ಮನೆಗೆ ಬಂತು. ಮಾತು ತೊದಲುತ್ತಿದ್ದ ಭಾರತಮ್ಮನವರು ಹಣ್ಣಿನ ರಸ ಕುಡಿದು, ಎಂಥ ಮನುಷ್ಯನಮ್ಮ ಅವರು ಎಂದರು. ಶಾಮಲಮ್ಮನವರು ಆ ವರ್ಷ ಮಾವಿನಹಣ್ಣು ಮುಟ್ಟಲಿಲ್ಲ.

ಮಾಲೂರಿನ ಗಂಗುಲಪ್ಪನ ವಿಷಯವನ್ನೂ ಆಕೆಯೇ ನೆನಪು ಮಾಡಿಕೊಟ್ಟರು. ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತ ಓದುತ್ತಿದ್ದ ಆತ ಗೂಡು ಉರಿಯುವ ತಿಂಗಳುಗಳಲ್ಲಿ ಕಾಲೇಜಿಗೆ ಬರಲಾರದೆ ಗಣಿತದಲ್ಲಿ ಮೂರು ಸಲ ನಪಾಸಾಗಿದ್ದ. ಕೋದಂಡರಾಮಪ್ಪನವರು ಎರಡು ಬಸ್ಸು ಬದಲಾಯಿಸಿ ಭಾನುವಾರಗಳಲ್ಲಿ ಮಾಲೂರಿಗೆ ಹೋಗಿ, ಗೂಡಿನ ಪಕ್ಕದಲ್ಲಿಯೇ ಕುಳಿತು, ಸುಡದ ಇಟ್ಟಿಗೆಗಳ ಮೇಲೆ ಇದ್ದಿಲಿನಿಂದ ಬರೆದು ಪಾಠ ಹೇಳಿದರು. ಗಂಗುಲಪ್ಪನವರು ಇಂದು ಬೆಂಗಳೂರಿನಲ್ಲಿ ಸಂಖ್ಯಾಶಾಸ್ತ್ರದ ಅಧಿಕಾರಿ. ಆ ಭಾನುವಾರದ ಪಾಠಗಳ ಸುದ್ದಿ ಕೇಳಿದ ದಿನ ತಮಗೆ ಏನನ್ನಿಸಿತೆಂದು ಶಾಮಲಮ್ಮನವರು ಮುಚ್ಚಿಡಲಿಲ್ಲ. ಕೋದಂಡರಾಮಪ್ಪನವರು ಕೆಟ್ಟವರಾಗಿದ್ದರೆ ತಮಗೆ ಎಷ್ಟೋ ಹಗುರಾಗುತ್ತಿತ್ತಂತೆ.

ಇನ್ನು ಮುಖ್ಯ ಘಟನೆಗೆ ಬರಬೇಕು. ಆ ಇಪ್ಪತ್ತಾರು ವರ್ಷಗಳಲ್ಲಿ ಸಮೀಕರಣ ತಪ್ಪಿದ ಏಳು ವರ್ಷಗಳು ಕೋದಂಡರಾಮಪ್ಪನವರನ್ನು ಕಾಡುತ್ತಿದ್ದವು. ಏಳರಲ್ಲಿಯೂ ಲೆಕ್ಕ ಕಡಿಮೆ ಎಂದಿತ್ತು, ಕಡಲು ಹೆಚ್ಚು ಕೊಟ್ಟಿತ್ತು. ಲೋಳೆಮೀನಿನ ಬದುಕು ಎರಡು ಬಗೆ. ನಾವು ಕಾಣುವ ಛತ್ರಿಯಾಕಾರದ ಪ್ರಾಣಿ ಕೆಲವು ತಿಂಗಳಲ್ಲಿ ಸಾಯುತ್ತದೆ. ಸಾಯುವ ಮೊದಲು ಅದು ಬಿಟ್ಟುಹೋದ ಮರಿಗಳು ನೀರಿನಡಿಯ ಚಿಪ್ಪಿಗೋ ಕಲ್ಲಿಗೋ ಕಚ್ಚಿಕೊಂಡು ಅಕ್ಕಿಕಾಳಿಗಿಂತ ಚಿಕ್ಕದಾದ ಪಾಲಿಪ್‌ಗಳಾಗಿ ನಿಲ್ಲುತ್ತವೆ. ಕಾಲ ಕೂಡಿದಾಗ ಒಂದೊಂದು ಪಾಲಿಪ್ ಕೂಡ ತಟ್ಟೆ ತಟ್ಟೆಯಾಗಿ ಬಿಡಿಸಿಕೊಂಡು ಹತ್ತಾರು ಹೊಸ ಲೋಳೆಮೀನುಗಳನ್ನು ಬಿಡುತ್ತದೆ. ಇದು ಪಠ್ಯಪುಸ್ತಕದಲ್ಲಿಯೇ ಇದೆ. ಆದರೆ ಹಾಗೆ ಬಿಟ್ಟ ಮೇಲೆ ಪಾಲಿಪ್ ಸಾಯುತ್ತದೆಯೋ ಬದುಕಿ ಉಳಿಯುತ್ತದೆಯೋ ಎಂಬುದರ ಮೇಲೆ ಮರುವರ್ಷದ ಲೆಕ್ಕವೆಲ್ಲ ನಿಂತಿತ್ತು. ಎಪ್ಪತ್ತೊಂಬತ್ತರ ಜನವರಿಯಲ್ಲಿ ಅವರು ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತು ಕೇಳಿದರು:

"ಅಮ್ಮಾ, ಆ ತೀರದಲ್ಲಿ ಪಾಲಿಪ್‌ಗಳನ್ನ ಯಾರಾದ್ರೂ ಎಣಿಸಿದಾರಾ?"

ನಾಲ್ಕನೆಯ ಪುಸ್ತಕದಲ್ಲಿದ್ದದ್ದು ಅದೇ. ಸೇತುವೆಯ ಕಂಬಗಳ ಬುಡಕ್ಕೆ ನೀರಿನಡಿ ದಾರದಲ್ಲಿ ಕಟ್ಟಿದ ನಲವತ್ತು ಸಿಂಪಿ ಚಿಪ್ಪುಗಳು, ಗುರುತು ಹಾಕಿದವು. ತಿಂಗಳಿಗೊಮ್ಮೆ ಮೇಲೆತ್ತಿ ಭೂತಗನ್ನಡಿಯಲ್ಲಿ ಎಣಿಸಿದ ಪಾಲಿಪ್‌ಗಳ ಸಂಖ್ಯೆ, ಮೂವತ್ತೊಂದು ತಿಂಗಳು. ಅಂಥ ಎಣಿಕೆ ಬೇರೆ ಯಾರ ಬಳಿಯೂ ಇದ್ದಿರಲಾರದು.

"ಇಲ್ಲ ಸಾರ್. ಯಾರೂ ಎಣಿಸಿಲ್ಲ," ಎಂದರು ಶಾಮಲಮ್ಮನವರು.

ಅವರು ತಲೆದೂಗಿ ಹೊರಟುಹೋದರು. ಪಾಲಿಪ್‌ಗಳು ವರ್ಷದೊಳಗೆ ಸಾಯುತ್ತವೆ ಎಂದು ಇಟ್ಟುಕೊಂಡು ಮುಂದಿನ ಲೆಕ್ಕ ಹಾಕಿದರು.

ಎಂಬತ್ತರ ಬೇಸಿಗೆಯಲ್ಲಿ ಆ ತೀರಕ್ಕೆ ಲೋಳೆಮೀನು ವಿಪರೀತ ಬಂದು ಬೆಸ್ತರ ಬಲೆಗಳನ್ನು ಹರಿದುಹಾಕಿತು. ವರ್ಷದ ಕೊನೆಗೆ ಕದಿರೇಶ ಕೋಲಾರಕ್ಕೆ ಬಂದ. ಆಗ ಆತ ಅಲ್ಲಿಯ ಮೀನುಗಾರರ ಸಂಘದ ಕಾರ್ಯದರ್ಶಿ. ಹತ್ತು ವರ್ಷದ ಹಿಂದಿನ ವಿಳಾಸ ಹಿಡಿದು ಶಾಮಲಮ್ಮನವರನ್ನು ಹುಡುಕಿಕೊಂಡು ಬಂದು, ಯೋಗಕ್ಷೇಮ ವಿಚಾರಿಸಿ, ಒಂದು ಪೊಟ್ಟಣ ಒಣ ಸಿಗಡಿ ಕೊಟ್ಟ. ಆಕೆಯ ಮುಖ ಅರಳಿತು. ಆಮೇಲೆ ಆತ, ಸೊರಿಯ ಲೆಕ್ಕ ಹೇಳುವ ಸಾರ್ ಒಬ್ಬರು ಇದೇ ಕಾಲೇಜಿನಲ್ಲಿದ್ದಾರಂತಲ್ಲ, ಅವರನ್ನು ತೋರಿಸುತ್ತೀರಾ ಎಂದು ಕೇಳಿದ. ಆಕೆ ಕೊಠಡಿಯವರೆಗೆ ಕರೆದುಕೊಂಡು ಹೋಗಿ ಬಾಗಿಲಿನಲ್ಲಿಯೇ ಬಿಟ್ಟು ಹಿಂದಿರುಗಿದರು.

ಕೋದಂಡರಾಮಪ್ಪನವರು ವಾರದ ನಂತರ ಕಾಗದದಲ್ಲಿ ಲೆಕ್ಕ ಬರೆದು ಕಳಿಸಿದರು. ಬರುವ ಬೇಸಿಗೆಯಲ್ಲಿ ಲೋಳೆಮೀನು ತೀರಾ ಕಡಿಮೆ ಇರಬೇಕು. ಆದರೆ ಇದು ಪಾಲಿಪ್‌ಗಳು ಉಳಿಯುವುದಿಲ್ಲವೆಂಬ ಊಹೆಯ ಮೇಲೆ ನಿಂತದ್ದು, ಪೂರ್ತಿ ನಂಬಬೇಡಿ ಎಂದೂ ಬರೆದಿದ್ದರು. ಎರಡನೆಯ ಮಾತನ್ನು ಯಾರು ಓದುತ್ತಾರೆ. ಎಂಬತ್ತೊಂದರ ಮಾರ್ಚಿನಲ್ಲಿ ಸಂಘದವರು ಮೊದಲನೆಯ ಮಾತನ್ನೇ ನಂಬಿ ಅಳಿವೆಯ ಬಾಯಿಗೆ ಅಡ್ಡಲಾಗಿ ದೊಡ್ಡ ಬಲೆಗಳನ್ನು ಕಟ್ಟಿದರು. ಏಪ್ರಿಲಿನಲ್ಲಿ ಸೊರಿ ಹಿಂದಿನ ವರ್ಷಕ್ಕಿಂತ ಹೆಚ್ಚಾಗಿ ಬಂತು.

ಸುದ್ದಿ ಮೊದಲು ಪತ್ರಿಕೆಯ ಮೂಲೆಯಲ್ಲಿ ಕಾಣಿಸಿಕೊಂಡಿತು. ಅಧ್ಯಾಪಕರ ಕೊಠಡಿಯಲ್ಲಿ ಯಾರೋ ಗಟ್ಟಿಯಾಗಿ ಓದಿದರು, ಒಬ್ಬಿಬ್ಬರು ನಕ್ಕರು. ಕೋದಂಡರಾಮಪ್ಪನವರು ಎದ್ದು ಹೊರಗೆ ಹೋಗಿ ಹುಣಸೆಮರದ ಕೆಳಗೆ ನಿಂತರು. ಶಾಮಲಮ್ಮನವರಿಗೆ ಅಂದು ಎಂಥ ಸಂತೋಷವಾಯಿತೆಂದರೆ, ಮನೆಗೆ ಹೋಗುವಾಗ ದಾರಿಯಲ್ಲಿ ಮಲ್ಲಿಗೆ ಕೊಂಡು ಮುಡಿದುಕೊಂಡರು. ಇದನ್ನು ಬರೆಯಲೇಬೇಕೆಂದು ಅವರ ಹಟ. ಎರಡು ದಿನದ ಮೇಲೆ ಕದಿರೇಶನ ತಮ್ಮನಿಂದ ಆಕೆಯ ಹೆಸರಿಗೆ ಕಾರ್ಡು ಬಂತು. ಸೊರಿ ತುಂಬಿದ ಬಲೆಯನ್ನು ಎಳೆಯುವಾಗ ದೋಣಿ ಮಗುಚಿ, ಅದರ ಅಂಚಿಗೂ ಸೇತುವೆಯ ಕಂಬಕ್ಕೂ ನಡುವೆ ಸಿಕ್ಕಿ ಕದಿರೇಶನ ಬಲಗಾಲು ಎರಡು ಕಡೆ ಮುರಿದಿತ್ತು. ಜೀವಕ್ಕೆ ಭಯವಿಲ್ಲ, ಕಾಲು ಮೊದಲಿನ ಹಾಗಾಗುವುದಿಲ್ಲವೆಂದು ವೈದ್ಯರು ಹೇಳಿದ್ದರು.

ಮುಂದಿನ ಭಾನುವಾರದ ಬೆಳಿಗ್ಗೆ ಆಕೆ ನಾಲ್ಕನೆಯ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದರು. ಅವರ ಮನೆಗೆ ಹಿಂದೆಂದೂ ಹೋಗಿರಲಿಲ್ಲ. ಮಂಡಿಯ ಬಳಿ ಕೇಳಿಕೊಂಡು, ಹಣ್ಣಿನ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಹೋದರು. ಬಾಗಿಲಿಗೆ ಬಂದ ಅವರ ಪತ್ನಿ ಅಶ್ವತ್ಥಮ್ಮನವರು, "ರಾಮ್ಮಾ, ಲೋಪಲಿಕಿ ರಾ" ಎಂದು ತೆಲುಗಿನಲ್ಲಿಯೇ ಒಳಗೆ ಕರೆದು ನೀರು ಕೊಟ್ಟರು. ಕೋದಂಡರಾಮಪ್ಪನವರು ಹಿಂದಿನ ಕೋಣೆಯಲ್ಲಿ ಹಣ್ಣಾಗಲು ಇಟ್ಟ ಮಾವಿನಕಾಯಿಗಳ ಮೇಲೆ ಹುಲ್ಲು ಹರಡುತ್ತಿದ್ದರು. ಆಕೆ ಕದಿರೇಶನ ತಮ್ಮನ ಕಾರ್ಡನ್ನು ಓದಿ ತಿಳಿಸಿ, ನಿಂತೇ ಹೇಳಿದರು:

"ಸಾರ್, ಯಾರೂ ಎಣಿಸಿಲ್ಲ ಅಂತ ಹೇಳಿದ್ದೆ ನಿಮಗೆ. ಎಣಿಸಿದೋಳು ನಾನೇ. ಇಲ್ಲಿದೆ."

ಅವರು ಪಂಚೆಯ ಅಂಚಿಗೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. ಕಿಟಕಿಯ ಬಳಿ ಕುಳಿತು ಪುಟ ತಿರುಗಿಸತೊಡಗಿದರು. ಅಶ್ವತ್ಥಮ್ಮನವರು ಒಮ್ಮೆ ಇಣುಕಿ ನೋಡಿ ಹಿಂದೆ ಸರಿದರು. ಕೊನೆಯ ಪುಟದವರೆಗೂ ನೋಡಿ ಕೋದಂಡರಾಮಪ್ಪನವರು ಪುಸ್ತಕದ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ.

"ಪ್ರತಿ ತಿಂಗಳೂ ಅದೇ ಚಿಪ್ಪುಗಳಾ?"

"ಅದೇ ಚಿಪ್ಪುಗಳು ಸಾರ್. ನಂಬರು ಕೆತ್ತಿದ್ದೆ."

"ಹಾಗಾದ್ರೆ ಇವು ಸಾಯ್ತಿಲ್ಲ. ಎರಡು ವರ್ಷ, ಮೂರು ವರ್ಷ ಇರ್ತವೆ. ಮಳೆ ಜೋರಾದ ವರ್ಷ ಹಳೇದೂ ಹೊಸದೂ ಒಟ್ಟಿಗೆ ಬಿಡ್ತವೆ." ಪುಸ್ತಕ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕುಳಿತರು. "ನನಗೆ ಹೇಳ್ಲಿಲ್ಲ, ಅದು ಹೋಗ್ಲಿ ಬಿಡಿ. ಕದಿರೇಶನಿಗೆ ಏನು ಹೇಳ್ತೀರಿ?"

ಹೋಗಿ ಹೇಳಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಕಾಗದದಲ್ಲಿ ಅಂಕಿ ಕಳಿಸಿದವನು ತಾನಾದ್ದರಿಂದ ತಾನೂ ಬರುತ್ತೇನೆಂದು ಅವರು ಹೇಳಿದರು. ಆ ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲವೆಂಬುದನ್ನು ಅಶ್ವತ್ಥಮ್ಮನವರು ಎಷ್ಟೋ ದಿನದ ಮೇಲೆ ಆಕೆಗೆ ತಿಳಿಸಿದರು.

ಮೂರನೆಯ ದಿನ ಬಂಗಾರಪೇಟೆಯಲ್ಲಿ ಮದರಾಸಿನ ರೈಲು ಹತ್ತಿದರು. ಅಶ್ವತ್ಥಮ್ಮನವರೂ ಜೊತೆಗೆ ಬಂದಿದ್ದರು. ಜೋಲಾರಪೇಟೆ ದಾಟುವವರೆಗೆ ಕೋದಂಡರಾಮಪ್ಪನವರು ಆಕೆಯೊಡನೆ ಒಂದು ಮಾತನ್ನೂ ಆಡಲಿಲ್ಲ. ಅವರಿಗೆ ಕೋಪ ಬಂದದ್ದನ್ನು ಆಕೆ ಕಂಡದ್ದು ಅದೇ ಮೊದಲು. ವಿಚಿತ್ರವೆಂದರೆ, ಆ ಕೋಪದಿಂದ ಆಕೆಗೆ ಸ್ವಲ್ಪ ಸಮಾಧಾನವಾಯಿತಂತೆ.

ಕದಿರೇಶ ಮನೆಯ ಮುಂದಿನ ಚಪ್ಪರದಡಿ ಮಂಚದ ಮೇಲೆ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ. ಶಾಮಲಮ್ಮನವರು ನೆಲದ ಮೇಲೆ ಕುಳಿತು, ತಮಗೆ ಬರುವ ತಮಿಳಿನಲ್ಲಿ, ಪುಸ್ತಕವನ್ನು ತೋರಿಸಿ, ತಾವು ಅದನ್ನು ಬಚ್ಚಿಟ್ಟದ್ದರಿಂದ ಲೆಕ್ಕ ತಪ್ಪಿತೆಂದು ಹೇಳಿದರು. ಏಕೆ ಬಚ್ಚಿಟ್ಟಿರಿ ಎಂದು ಆತ ಕೇಳಿದ. ಅದು ನನ್ನದಾಗಿತ್ತು, ಇನ್ನೊಬ್ಬರ ಹೆಸರಿನಲ್ಲಿ ಹೋಗುವುದು ಬೇಡವಾಗಿತ್ತು ಎಂದರು. ಕದಿರೇಶ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಒಂದೆರಡು ಪುಟ ತಿರುವಿದ. ಓದು ಬಾರದಿದ್ದರೂ ಚಿಪ್ಪುಗಳ ಚಿತ್ರವನ್ನು ಗುರುತು ಹಿಡಿದ.

"ಅಮ್ಮಾ, ನೀರಿಗೆ ಮುಳುಗಿ ಇವನ್ನ ಮೇಲೆ ತಂದು ಕೊಟ್ಟೋನು ನಾನು. ಎಣಿಸಿ ಬರೆದೋರು ನೀವು. ಪುಸ್ತಕ ನಿಮ್ಮೊಬ್ಬರದೇ ಹೇಗಾಯ್ತು?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನುತ್ತಾರೆ ಶಾಮಲಮ್ಮನವರು. ಆತ ಬೈಯಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ಆರು ವರ್ಷ ತಮ್ಮ ಹೆಸರಿಗಾಗಿ ಕುದಿದ ತಮಗೆ, ಆತನಿಗೂ ಒಂದು ಹೆಸರಿದೆಯೆಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನಾಲ್ಕು ಪುಸ್ತಕಗಳಲ್ಲಿ ಎಲ್ಲಿಯೂ ಆತನ ಹೆಸರು ಬರೆದಿರಲಿಲ್ಲ. ದೋಣಿಯವನು ಎಂದಷ್ಟೇ ಇತ್ತು.

ಸಂಜೆ ಮೂವರೂ ದಂಡೆಗೆ ಹೋದರು. ಅಶ್ವತ್ಥಮ್ಮನವರು ಸೀರೆ ಎತ್ತಿಹಿಡಿದು ಅಲೆಗೆ ಕಾಲು ಕೊಟ್ಟುಕೊಂಡು ನಿಂತರು. ಕೋದಂಡರಾಮಪ್ಪನವರು ಚಪ್ಪಲಿ ಕೈಯಲ್ಲಿ ಹಿಡಿದು ಕಡಲನ್ನು ನೋಡಿದರು, ಹನ್ನೊಂದು ಪುಟಗಳಲ್ಲಿ ತಾವು ಬರೆದದ್ದು ಇದನ್ನೇ ಎಂದು ನಂಬಿಕೆ ಬಾರದವರ ಹಾಗೆ. ನೀವು ನಿಲ್ಲುತ್ತಿದ್ದದ್ದು ಎಲ್ಲಿ ಎಂದು ಕೇಳಿದರು. ಆಕೆ ಅಳಿವೆಯ ಕಡೆ ಕೈ ತೋರಿಸಿದರು. ಆಮೇಲೆ ಅವರು ಆಕೆಯ ಮುಖ ನೋಡದೆ ಹೇಳಿದ್ದನ್ನು, ಅವರ ಇಚ್ಛೆಯಂತೆ, ಇಲ್ಲಿ ಹಾಗೆಯೇ ಕೊಟ್ಟಿದೆ.

"ನೀವು ಹೆಸರು ಹೊಡೆದುಹಾಕಿದಾಗ ಇನ್ನೊಂದ್ಸಲ ಕೇಳಲಿ ಅಂತ ಕಾಯ್ತಿದ್ರಿ. ನನಗದು ಗೊತ್ತಾಯ್ತು. ಗೊತ್ತಾಗೇ ಕೇಳ್ಲಿಲ್ಲ. ಇಲ್ಲಿ ನಿಂತು ನೋಡಿದೋರು ನೀವು, ನಾನು ಬರೀ ಕಾಗದದೋನು. ಕಾಗದದ ಮೇಲಾದ್ರೂ ನನ್ನೊಬ್ಬನ ಹೆಸರಿರ್ಲಿ ಅನ್ನಿಸ್ತು."

ಆರು ವರ್ಷ ತಾವು ಒಬ್ಬರೇ ಹೊತ್ತುಕೊಂಡು ತಿರುಗಿದ್ದು ಎದುರಿನವರ ಹೆಗಲ ಮೇಲೂ ಇತ್ತೆಂದು ತಿಳಿದಾಗ ಶಾಮಲಮ್ಮನವರಿಗೆ ಕ್ಷಮಿಸಬೇಕೆನ್ನಿಸಲಿಲ್ಲ, ಜಗಳವಾಡಬೇಕೆಂದೂ ಅನ್ನಿಸಲಿಲ್ಲ. ಹಿಂದಿರುಗುವ ರೈಲಿನಲ್ಲಿ ಇಬ್ಬರೂ ನಾಲ್ಕನೆಯ ಪುಸ್ತಕವನ್ನು ನಡುವೆ ಬಿಡಿಸಿಟ್ಟುಕೊಂಡು ಕುಳಿತರು.

ಹೊಸ ಸಮೀಕರಣದಲ್ಲಿ ಪಾಲಿಪ್‌ಗಳಿಗೆ ಒಂದು ಸಾಲು, ಲೋಳೆಮೀನುಗಳಿಗೆ ಇನ್ನೊಂದು ಸಾಲು, ಎರಡನ್ನೂ ಬೆಸೆಯುವಲ್ಲಿ ಹಿಂಗಾರಿನ ಮಳೆ. ತಪ್ಪಿದ್ದ ಏಳು ವರ್ಷಗಳಲ್ಲಿ ಆರು ಸರಿಹೋದವು. ಎಂಬತ್ತಮೂರರಲ್ಲಿ ಅಚ್ಚಾದ ಆ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ: ಶಾಮಲಮ್ಮ, ಕೋದಂಡರಾಮಪ್ಪ, ಕದಿರೇಶ. ಮರುವರ್ಷದ ಬೇಸಿಗೆಗೆ ಹೆಚ್ಚು ಬರುತ್ತದೆಂದು ಲೆಕ್ಕ ಹೇಳಿತು. ಸಂಘದವರು ಅಳಿವೆಗೆ ಬಲೆ ಕಟ್ಟದೆ ಆಳದ ನೀರಿಗೆ ಗಾಳ ಹಿಡಿದು ಹೋದರು. ಸೊರಿ ಬಂತು, ಖಾಲಿ ಅಳಿವೆಯಲ್ಲಿ ತಿಂಗಳಿದ್ದು ಸತ್ತಿತು. ಕುಂಟುತ್ತಲೇ ದಡದಲ್ಲಿ ನಿಂತು ದೋಣಿಗಳನ್ನು ತಡೆದವನು ಕದಿರೇಶ.

ಶಾಮಲಮ್ಮನವರು ನಲವತ್ತೈದನೆಯ ವಯಸ್ಸಿನಲ್ಲಿ, ಕೋದಂಡರಾಮಪ್ಪನವರು ಬೆನ್ನು ಬಿಡದೆ ಒತ್ತಾಯಿಸಿದ್ದರಿಂದ, ಪ್ರಬಂಧ ಸಲ್ಲಿಸಿ ಡಾಕ್ಟರೇಟ್ ಪಡೆದರು. ಮೌಖಿಕ ಪರೀಕ್ಷೆಗೆ ಬಂದಿದ್ದ ಹಿರಿಯರೊಬ್ಬರು ಮೊದಲ ಪ್ರಶ್ನೆಯಾಗಿ, ಇದು ಕೋಲಾರದ ಕೋದಂಡರಾಮಪ್ಪನವರ ಸಮೀಕರಣವಲ್ಲವೇ ಎಂದು ಕೇಳಿದರು. ಆಕೆಗೆ ಮತ್ತೆ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಪರದೇಶದ ಕಾಗದಗಳು ಇಂದಿಗೂ ಬರುವುದು ಕೋದಂಡರಾಮಪ್ಪನವರ ಹೆಸರಿಗೇ. ಈಗ ಅವರು ಒಂದೊಂದನ್ನೂ ಒಡೆಯದೆ ತಂದು ಆಕೆಯ ಮೇಜಿನ ಮೇಲಿಡುತ್ತಾರೆ, ಆಕೆ ಒಡೆದು ಓದಿ ಉತ್ತರ ಬರೆಯುತ್ತಾರೆ. ಇಷ್ಟಾದರೂ ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಲೇಖನವನ್ನು ಹರಿದುಹಾಕುತ್ತೇನೆಂದು ಆಕೆ ಎಚ್ಚರಿಸಿದ್ದಾರೆ.

ಮಾನ್ಯ ಕೋದಂಡರಾಮಪ್ಪನವರು ತರಗತಿಯಿಂದ ಮಾತ್ರ ನಿವೃತ್ತರಾಗುತ್ತಿದ್ದಾರೆ. ಲೋಳೆಮೀನುಗಳನ್ನು ತೀರಕ್ಕೆ ತರುವುದರಲ್ಲಿ ಗಾಳಿಯ ಪಾತ್ರ ಅಷ್ಟಾಗಿ ಇಲ್ಲವೆಂದು ತೋರಿಸುವ ಹೊಸ ಕೆಲಸವನ್ನು ಅವರು ಕೈಗೆತ್ತಿಕೊಂಡಿದ್ದಾರೆ. ಅವರಿಗೂ ಅಶ್ವತ್ಥಮ್ಮನವರಿಗೂ ಆಯುರಾರೋಗ್ಯ ಕೂಡಿಬರಲಿ, ಅವರ ಲೇಖನಿ ಸಾಗುತ್ತಿರಲಿ ಎಂದು ಶಿಷ್ಯರೆಲ್ಲರ ಹಾರೈಕೆ. ಶಾಮಲಮ್ಮನವರ ಹಾರೈಕೆಯೇನೆಂದು ಕೊನೆಯ ಭಾನುವಾರ ಕೇಳಿದಾಗ ಅವರು ಮೇಜಿನ ಮೇಲಿದ್ದ ಕದಿರೇಶನ ಕಾಗದವನ್ನು ತೋರಿಸಿದರು. ಆ ತೀರದಲ್ಲಿ ದಿನಕ್ಕೆರಡು ಸಲ ಗಾಳಿಯ ದಿಕ್ಕನ್ನು ಆತ ಹೇಳಿ ಬರೆಸುತ್ತಿರುವ ಪಟ್ಟಿ ಅದು, ಹದಿನಾಲ್ಕನೆಯ ತಿಂಗಳಿನದು.

"ಗಾಳಿ ಲೆಕ್ಕಕ್ಕಿಲ್ಲ ಅಂತಾರೆ ಅವರು. ಇದೆ ಅಂತ ನಾನು ತೋರಿಸ್ತೀನಿ. ಇನ್ನೂ ಹತ್ತು ವರ್ಷದ ಅಂಕಿ ಬೇಕು ನನಗೆ. ಅಲ್ಲೀವರೆಗೂ ಅವರು ಗಟ್ಟಿಯಾಗಿರ್ಬೇಕು, ತಲೆ ಚುರುಕಾಗಿರ್ಬೇಕು. ನಾನು ಗೆದ್ದಾಗ ಅದು ಅವರಿಗೆ ಅರ್ಥ ಆಗ್ಬೇಕಲ್ಲ."